ಕೋಲು ಮುಂದೆ, ಕಾಲು ಹಿಂದೆ

ಪ್ರತಿ ನವೆಂಬರ್ ನಾವಿಬ್ಬರೂ ದುರ್ಗಕ್ಕೆ ಹೋಗುತ್ತಿದ್ದೆವು,
ತಾತ ಬದುಕಿದ್ದಾನೆಂದು ಬ್ಯಾಂಕಿನವರಿಗೆ ತೋರಿಸಲಿಕ್ಕೆ.
ತುರುವನೂರಿನಿಂದ ಏಳೂವರೆಯ ಬಸ್ಸು.
ಕಿಟಕಿಗೆ ನಾನು, ನನ್ನ ಪಕ್ಕ ಅವನ ಇಸ್ತ್ರಿ ಅಂಗಿ,
ಕೈಚೀಲದಲ್ಲಿ ಪಿಂಚಣಿ ಪುಸ್ತಕ, ಎರಡು ಈರುಳ್ಳಿ:
ಕೌಂಟರಿನ ಹುಡುಗಿಗೊಂದು,
ವಾಪಸು ಬರುವಾಗ ಮಂಡಕ್ಕಿಗೊಂದು.

ಹೋದ ಸಲ ಯಂತ್ರ ಅವನ ಹೆಬ್ಬೆರಳನ್ನು ಒಪ್ಪಲಿಲ್ಲ.
ಒರೆಸಿ ಇಟ್ಟ. ಎಂಜಲು ಹಚ್ಚಿ ಇಟ್ಟ. ಎಡಗೈಯದೂ ಇಟ್ಟ.
"ಗೆರೆಗಳೇ ಇಲ್ಲವಲ್ಲ ಅಜ್ಜಾ" ಎಂದಳು ಹುಡುಗಿ.
"ನಲವತ್ತು ವರ್ಷ ಈರುಳ್ಳಿ ಕಿತ್ತೀನಿ ಕಣಮ್ಮಾ,
ಗೆರೆಯೆಲ್ಲಾ ರುದ್ರಮುನಿಯಪ್ಪನೋರ ಹೊಲದಾಗೈತೆ.
ಒಂದು ಹೆಂಟೆ ತಂದು ಇಕ್ಕಲಾ?"
ಸಾಲಿನಲ್ಲಿದ್ದವರೆಲ್ಲ ನಕ್ಕರು.
ಕೊನೆಗೆ ಕಣ್ಣು ತೋರಿಸಿ ಬದುಕಿದ.

ಊರಿಗೆ ಅವನು ಮಿಲ್ಟ್ರಿ ಗಾದ್ರೆಪ್ಪ.
ಸಂಬಳದಾಳಿಗೆ ಇಷ್ಟುದ್ದ ಹೆಸರೇ ಎಂದು
ಕಿಸಕ್ಕನೆ ನಕ್ಕವರೂ ಉಂಟು.
ಸರ್ಕಾರ ಕೊಡುತ್ತೇನೆಂದ ನಾಲ್ಕೆಕರೆ
ಕಡತದೊಳಗೇ ಬೀಳುಬಿತ್ತು.
ಪಿಂಚಣಿ ನನ್ನ ಹಾಸ್ಟೆಲ್ಲಿಗೆ, ಕೂಲಿ ಮನೆಗೆ,
ತನಗೊಂದು ಕಟ್ಟು ಬೀಡಿ, ಅದೂ ಎರಡು ದಿನಕ್ಕೆ.

ಯುದ್ಧದ ಕತೆ ಕೇಳಿದರೆ ಹಗ್ಗದ ಕತೆ ಹೇಳುತ್ತಿದ್ದ:
ಯಾವ ಗಂಟು ಎಳೆದಷ್ಟೂ ಬಿಗಿಯುತ್ತದೆ,
ಯಾವುದು ಒಂದೇ ಜಗ್ಗಿಗೆ ಬಿಚ್ಚಿಕೊಳ್ಳುತ್ತದೆ.
ತೇಲುಸೇತುವೆಗೆ ಹಾಕಿದ ಗಂಟನ್ನೇ
ಈರುಳ್ಳಿ ಚೀಲಕ್ಕೆ, ಕರುವಿನ ಹಗ್ಗಕ್ಕೆ,
ಅವ್ವ ಕೂಲಿಗೆ ಬೇಗ ಹೋದ ದಿನ ನನ್ನ ಜಡೆಗೂ ಹಾಕಿದ.
ಆ ರಿಬ್ಬನ್ನು ಬಿಚ್ಚಲು ನಮ್ಮ ಟೀಚರಿಗೂ ಆಗಲಿಲ್ಲ.

ಮತ್ತೆ, ಆ ಕೋಲು.
ಶಾಲೆಗೆ ಹೊಲದ ಬದುವಿನ ಮೇಲೆ ಹೋಗಬೇಕು.
ಅವನು ಮುಂದೆ, ಜಾಲಿಯ ಕೋಲಿನಿಂದ ನೆಲ ಚುಚ್ಚುತ್ತ,
ಒಂದು ಗೇಣು, ಇನ್ನೊಂದು ಗೇಣು,
ಯಾವಾಗಲೂ ಓರೆಯಾಗಿ, ಎಂದೂ ನೆಟ್ಟಗೆ ಅಲ್ಲ.
"ಕೋಲು ಮುಂದೆ, ಕಾಲು ಹಿಂದೆ.
ನಾ ಇಟ್ಟಲ್ಲೇ ಇಡು, ಪುಟ್ಟಿ."
ಹಾವಿಗೆ ಅಂದುಕೊಂಡಿದ್ದೆ.
ಮುಳ್ಳಿಗೆ ಅಂದುಕೊಂಡಿದ್ದೆ.
ಬೇಸಿಗೆಯ ಎರೆಹೊಲ ಬಾಯಿ ಬಿಡುತ್ತದಲ್ಲ,
ಆ ಬಿರುಕಿಗೆ ಅಂದುಕೊಂಡಿದ್ದೆ.

ತಿಥಿಯ ದಿನ ಹಿರಿಯೂರಿನಿಂದ ಬಂದ ಅವನ ಪಲ್ಟನ್ನಿನ ಗೆಳೆಯ
ಜಗಲಿಯ ಮೂಲೆಯಲ್ಲಿ ಕೋಲು ಕಂಡವನೇ
ಕೈಗೆತ್ತಿಕೊಂಡು ನೆಲಕ್ಕೆ ಹಿಡಿದ.
ಅದೇ ಓರೆ.
"ಮೈನು ಹುಡುಕೋದು ಹಿಂಗೇ ಕಣವ್ವಾ.
ಇವನ ಹಿಂದೆ ನಡೆದೋರು ಹನ್ನೊಂದು ಜನ.
ಹನ್ನೊಂದು ಜನಕ್ಕೂ ಎರಡೆರಡು ಕಾಲು."
ನಾನು ಅವನ ರಬ್ಬರಿನ ಪಾದ ನೋಡಿದೆ.
"ಅವತ್ತು ಇವನಿಗೆ ಜ್ವರ" ಎಂದ,
"ನಾನು ಮುಂದಿದ್ದೆ."

ಬಡಿಸಿದ ಮುದ್ದೆ ಆರಿತು.
ಯಾರೋ ನೀರು ಕೇಳಿದರು.

ಈ ನವೆಂಬರ್ ಬಸ್ಸಿನಲ್ಲಿ ನಾನೊಬ್ಬಳೇ.
"ಅಜ್ಜ ಬರಲಿಲ್ವಾ?" ಅಂದಳು ಹುಡುಗಿ.
ಮರಣ ಪತ್ರ ಮುಂದಿಟ್ಟೆ, ಅದರ ಮೇಲೊಂದು ಈರುಳ್ಳಿ.
ಇದಕ್ಕೆ ಹೆಬ್ಬೆರಳು ಬೇಡವಂತೆ,
ಕಣ್ಣೂ ಬೇಡವಂತೆ.
ಅವಳು ಈರುಳ್ಳಿಯನ್ನು ಮೇಜಿನ ಖಾನೆಯಲ್ಲಿಟ್ಟು
ಕೀಲಿ ಹಾಕಿದಳು, ಯಾಕೋ.

ಇಳಿದಾಗ ಕತ್ತಲು.
ಮೊಬೈಲಿನಲ್ಲಿ ಟಾರ್ಚಿತ್ತು, ಹಚ್ಚಲಿಲ್ಲ.
ಬದುವಿನ ಮೇಲೆ ಅವನ ಕೋಲು ಕೊರೆದ ತೂತುಗಳು
ಹಿಂಗಾರಿಗೆ ಮುಚ್ಚಿಹೋಗಿ
ಎಲ್ಲಿ ಅವನಿದ್ದ, ಎಲ್ಲಿ ಇರಲಿಲ್ಲ, ತಿಳಿಯದು.
ಸ್ವಲ್ಪ ಹೊತ್ತು ನಿಂತೆ.
ಎಡಗಾಲು ಮೊದಲು ಇಟ್ಟೆ.
ನೆಲ ಸುಮ್ಮನಿತ್ತು.